ಯಾರು ಕೊನೆಯವನು?

ಬಾಲ್ಯದಲ್ಲಿ ಓದಿದ ಸಾಹಸಕಥೆಗಳನ್ನು ಪ್ರಶ್ನಿಸಿದರೆ ಕೆಲವು ಮಿತ್ರರಿಗೆ ಸಿಟ್ಟು ಬರುತ್ತದೆ. “ಹುಡುಗರ ಪುಸ್ತಕವಯ್ಯಾ, ಅದಕ್ಕೂ ನಿನ್ನ ವಿಚಾರಣೆಯೆ?” ಎನ್ನುತ್ತಾರೆ. ಹುಡುಗರ ಪುಸ್ತಕವಾದ್ದರಿಂದಲೇ ವಿಚಾರಣೆ ಬೇಕೆಂಬುದು ನನ್ನ ವಾದ. ದೊಡ್ಡವರಾದ ಮೇಲೆ ಓದಿದ್ದು ಮರೆತುಹೋದೀತು. ಹನ್ನೆರಡನೆಯ ವಯಸ್ಸಿನಲ್ಲಿ ಓದಿದ್ದು ಮರೆಯುವುದಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ, ಇದು ನನಗೆ ಖಚಿತವಾಯಿತು. ಮುರುಕು ಕುರ್ಚಿಗಳ ಹಿಂದೆ ಉದ್ದನೆಯ ಬಂದೂಕೊಂದು ಒರಗಿತ್ತು. ಮೇಪಲ್ ಮರದ ಹಿಡಿ, ಮೂರಡಿಗೂ ಮಿಕ್ಕ ನಳಿಗೆ, ಕಿಡಿ ಹಾರಿಸಲು ಚಕಮಕಿ ಕಲ್ಲು. ನಳಿಗೆಯೊಳಗಿನ ಸುರುಳಿಗೆರೆಗಳು ಗುಂಡನ್ನು ಗಿರ್ರನೆ ತಿರುಗಿಸಿ ನೇರವಾಗಿ ಕಳಿಸುತ್ತವೆ. ‘ಕೆಂಟಕಿ ರೈಫಲ್’ ಎಂದು ಹೆಸರಾದರೂ ಇದನ್ನು ರೂಪಿಸಿದವರು ಪೆನ್ಸಿಲ್ವೇನಿಯಾದಲ್ಲಿ ನೆಲಸಿದ ಜರ್ಮನ್ ಕಸುಬುದಾರರು. ಕಂಡೊಡನೆ ನನಗೆ ನೆನಪಾದದ್ದು ಆ ಕಸುಬುದಾರರಲ್ಲ, ‘ಹಾಕ್-ಐ’. ಜೇಮ್ಸ್ ಫೆನಿಮೋರ್ ಕೂಪರನ ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ ಕಾದಂಬರಿಯ ಬಿಳಿಯ ಗುರಿಕಾರ.

ಬಂದೂಕಿನ ಮೇಲೆ ನನಗೆ ತಕರಾರಿಲ್ಲ. ತಾನು ಕೊಲ್ಲುವ ಸಾಧನವೆಂಬುದನ್ನು ಅದು ಮರೆಮಾಚುವುದಿಲ್ಲ. ತಕರಾರಿರುವುದು ಪುಸ್ತಕದ ಹೆಸರಿನಲ್ಲಿರುವ ‘ಲಾಸ್ಟ್’ ಎಂಬ ಮಾತಿನ ಮೇಲೆ. ಮೊಹಿಕನ್ನರಲ್ಲಿ ಕೊನೆಯವನಂತೆ! 1826ರಲ್ಲಿ ಪುಸ್ತಕ ಪ್ರಕಟವಾದಾಗ ಮೊಹಿಕನ್ನರು ಬದುಕಿದ್ದರು. ಹಡ್ಸನ್ ನದಿಯ ಕಣಿವೆ ಅವರ ಮೂಲನೆಲೆ. ಮುಂದೆ ಮಸಾಚುಸೆಟ್ಸಿನ ಸ್ಟಾಕ್‌ಬ್ರಿಜ್ ಊರಿನಲ್ಲಿ ನೆಲಸಿದ ಅವರು ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ವಾಷಿಂಗ್ಟನ್ನನ ಪಕ್ಷ ಹಿಡಿದರು. 1778ರಲ್ಲಿ ನ್ಯೂಯಾರ್ಕಿನ ಬಳಿ ನಡೆದ ಒಂದು ಕಾಳಗದಲ್ಲಿ ಅವರಲ್ಲಿ ಹಲವರು ಮಡಿದರು. ಇದಕ್ಕೆ ಸಿಕ್ಕ ಬಹುಮಾನವೇನು? ಸ್ಟಾಕ್‌ಬ್ರಿಜ್ ಕೈತಪ್ಪಿತು. ಮೊದಲು ನ್ಯೂಯಾರ್ಕ್ ಸಂಸ್ಥಾನದ ಒಳನಾಡಿಗೆ, 1820ರ ದಶಕದಿಂದ ದೂರದ ವಿಸ್ಕಾನ್ಸಿನ್‌ಗೆ ಗಂಟುಮೂಟೆ ಕಟ್ಟಬೇಕಾಯಿತು. ಅವರ ಮುಖಂಡ ಹೆಂಡ್ರಿಕ್ ಔಪಾಮಟ್ ತನ್ನ ಜನದ ಚರಿತ್ರೆಯನ್ನು ತಾನೇ ಬರೆದವನು. ‘ಕೊನೆಯವನ’ ಕಥೆ ಅಚ್ಚಾದಾಗ ಆತನಿನ್ನೂ ಜೀವಂತನಾಗಿದ್ದ!

“ಕೂಪರ್ ಆ ಜನರಿಗಾಗಿ ನಮ್ಮನ್ನು ಅಳಿಸಿದನಲ್ಲ?” ಎಂದು ಕೇಳಬಹುದು. ಹೌದು, ಅಳಿಸಿದ. ಅವನ ಚಿಂಗಾಚ್‌ಗೂಕ್ ಉದಾತ್ತನೇ ಸರಿ. ಆದರೆ ಸತ್ತವರಿಗಾಗಿ ಅಳುವುದು ಸುಲಭ. ಅತ್ತು ಮುಗಿಸಿ ಮನೆಗೆ ಹೋಗಬಹುದು. ಬದುಕಿದ್ದವನಾದರೆ ಎದುರು ನಿಂತು, “ನನ್ನ ನೆಲವೆಲ್ಲಿ?” ಎಂದು ಕೇಳುತ್ತಾನೆ. ಕೂಪರನ ತಂದೆ ಸಾವಿರಾರು ಎಕರೆ ಕಾಡು ಕೊಂಡು ವಲಸಿಗರಿಗೆ ಮಾರಿದ ದೊಡ್ಡ ವ್ಯಾಪಾರಿ. ಮಗ ಬೇಕೆಂದೇ ಸುಳ್ಳು ಹೆಣೆದನೆಂದು ನಾನು ಹೇಳುವುದಿಲ್ಲ. ಆದರೆ ಮೂಲನಿವಾಸಿಗಳು ತಾವಾಗಿಯೇ ಅಳಿದುಹೋದರೆಂಬ ಕಥೆ ಯಾರಿಗೆ ಅನುಕೂಲವೆಂದು ಹೇಳಬೇಕಾಗಿಲ್ಲ.

ಪುಸ್ತಕವನ್ನು ಸುಡಬೇಕೆಂಬುದು ನನ್ನ ಮಾತಲ್ಲ. ಮಕ್ಕಳು ಓದಲಿ, ಹಾಕ್-ಐಯ ಗುರಿಗೆ ಬೆರಗಾಗಲಿ. ಆದರೆ ಅದನ್ನು ಸಂಗ್ರಹಿಸಿ ಮಕ್ಕಳ ಕೈಗಿಡುವ ಪ್ರಕಾಶಕರು ಮೊದಲ ಪುಟದಲ್ಲಿ ಎರಡು ಸಾಲು ಸೇರಿಸಲಿ: ಮೊಹಿಕನ್ನರು ಅಳಿದಿಲ್ಲ, ವಿಸ್ಕಾನ್ಸಿನ್ನಿನಲ್ಲಿ ತಮ್ಮ ಆಡಳಿತವನ್ನು ತಾವೇ ನಡೆಸಿಕೊಂಡು ಇಂದಿಗೂ ಬಾಳುತ್ತಿದ್ದಾರೆ. ಇಷ್ಟು ಸತ್ಯಕ್ಕೆ ಕಥೆಯ ಸ್ವಾರಸ್ಯ ಕೆಡುವುದಾದರೆ, ಕೆಡಲಿ.