ಹದಿನಾರು ಮೆಟ್ಟಿಲು

ಪಿರಿಯಾಪಟ್ಟಣದ ಕಡೆಯ ಹಿರಿಯರಲ್ಲಿ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಸನ್ನಿಧಿಗೆ ಬರಿಗಾಲಿನಲ್ಲಿ ಹತ್ತಿಬಂದವರು ಅನೇಕರು. ಬೆಟ್ಟದ ಮೆಟ್ಟಿಲುಗಳಿಗೆ ಅಂಜದ ಅದೇ ಕಾಲುಗಳು ಎಪ್ಪತ್ತು ದಾಟಿದ ಮೇಲೆ ಸ್ವಂತ ಮನೆಯ ಹದಿನಾರು ಮೆಟ್ಟಿಲುಗಳ ಮುಂದೆ ತಡೆದು ನಿಲ್ಲುತ್ತವೆ.

ಹಿಂದಿನ ತೊಟ್ಟಿಮನೆಯಲ್ಲಿ ಈ ತೊಡಕು ಇಷ್ಟಿರಲಿಲ್ಲ. ಹಜಾರ, ಅಡುಗೆಮನೆ, ಬಚ್ಚಲು ಎಲ್ಲವೂ ಕೆಳಗೆ. ಅಟ್ಟದ ಕಡಿದಾದ ಏಣಿ ಕಾಳಿನ ಮೂಟೆಗಳಿಗೂ ಚಿಕ್ಕವರಿಗೂ ಮೀಸಲು. ಇಂದು ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಂಥ ಊರುಗಳಲ್ಲಿ ಕೆಳಗೆ ಅಂಗಡಿ ಇಲ್ಲವೇ ಬಾಡಿಗೆಯವರು, ಮೇಲೆ ಮನೆಯೊಡೆಯರು ಎಂಬ ಏರ್ಪಾಡು ಬೇಕಾದಷ್ಟಿದೆ. ಮೆಟ್ಟಿಲು ಹೊರಗೋಡೆಗೆ ಅಂಟಿಕೊಂಡು ಮಳೆಗೆ ತೆರೆದಿರುವುದೂ ಉಂಟು. ಬಾಡಿಗೆ ಬರುತ್ತದೆ, ನಿಜ; ಆದರೆ ಮೇಲಿನ ಅಜ್ಜಿ ದೇವಸ್ಥಾನ, ನೆರೆಮನೆ, ಮದುವೆಯ ಚಪ್ಪರ ಎಲ್ಲವನ್ನೂ ಒಂದೊಂದಾಗಿ ತೊರೆಯುತ್ತಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ದಾಟಿದವರಿಗೆ ಮನೆಯಲ್ಲಿಯೇ ಮತ ನೀಡುವ ಅವಕಾಶ ದೊರೆಯಿತು. ಮತಪೆಟ್ಟಿಗೆ ಮೆಟ್ಟಿಲೇರಿ ಬಂದೀತು. ಊರಿನ ಜಾತ್ರೆ ಬಾರದು.

ನೆರವಾಗಬೇಕೆಂಬ ಮನಸ್ಸು ಮನೆಮಂದಿಗೆ ಇದ್ದೇ ಇರುತ್ತದೆ. ಬೇಕಾದುದು ಅದರ ಕ್ರಮ. ಮೇಲೆ ನಿಂತು ಕೈಹಿಡಿದೆಳೆಯುವುದು ತಪ್ಪು. ಎಳೆದರೆ ಇಬ್ಬರೂ ಆಯ ತಪ್ಪಿ ಬೀಳಬಹುದು. ಹಿರಿಯರು ಏರುವಾಗ ಸಹಾಯಕರು ಒಂದು ಮೆಟ್ಟಿಲು ಕೆಳಗೆ, ಬಲಗುಂದಿದ ಮಗ್ಗುಲಿನ ಹಿಂದೆ ಇರಬೇಕು. ಇಳಿಯುವಾಗ ಒಂದು ಮೆಟ್ಟಿಲು ಕೆಳಗೆ, ಮುಂದೆ. ಹಿಡಿಯಬೇಕಾದುದು ತೋಳನ್ನಲ್ಲ, ಸೊಂಟವನ್ನು. ಏರುವಾಗ ಗಟ್ಟಿಯಾದ ಕಾಲು ಮೊದಲು, ಬಳಿಕ ನೋವಿನ ಕಾಲು ಮತ್ತು ಊರುಗೋಲು. ಇಳಿಯುವಾಗ ಊರುಗೋಲು ಮೊದಲು, ಅನಂತರ ನೋವಿನ ಕಾಲು, ಕೊನೆಗೆ ಗಟ್ಟಿಯಾದ ಕಾಲು. ಕಾರಣ ಸರಳ: ಮೈಭಾರವನ್ನು ಎತ್ತುವುದೂ ಮೆಲ್ಲನೆ ಇಳಿಸುವುದೂ ಮೇಲಿನ ಮೆಟ್ಟಿಲಿನಲ್ಲಿರುವ ಕಾಲೇ. ಪ್ರತಿ ಮೆಟ್ಟಿಲಿನಲ್ಲಿಯೂ ಎರಡು ಪಾದಗಳು ಕೂಡಿದ ಮೇಲೆಯೇ ಮುಂದಿನದು. ಸೀರೆಯ ನಿರಿಗೆ, ಪಂಚೆಯ ಅಂಚು ಮೇಲಕ್ಕೆ ಸಿಕ್ಕಿರಲಿ. ಹವಾಯಿ ಚಪ್ಪಲಿ ಬೇಡ. “ಅತ್ತೆ, ಹೊರಡೋಣವೇ?” ಎಂದು ಕೇಳಿಯೇ ಸೊಸೆ ಕೈಹಚ್ಚಲಿ, ಹೇಳದೆ ಹಿಡಿದರೆ ಬೆಚ್ಚಿಬೀಳುವ ಭಯವುಂಟು.

ಮನೆಯನ್ನೂ ತುಸು ತಿದ್ದಬೇಕು. ಮೆಟ್ಟಿಲಿನ ಎರಡೂ ಬದಿಗೆ ಮುಷ್ಟಿಯಲ್ಲಿ ಹಿಡಿತ ಸಿಗುವಷ್ಟು ದಪ್ಪದ ಕೈಪಿಡಿ ಇರಲಿ. ಅದು ಮೊದಲ ಮತ್ತು ಕೊನೆಯ ಮೆಟ್ಟಿಲಿನಿಂದ ಒಂದಡಿ ಮುಂದಕ್ಕೆ ಚಾಚಿರಲಿ. ನುಣುಪಾದ ಕಲ್ಲಿನ ಮೆಟ್ಟಿಲಾದರೆ ಅಂಚಿಗೆ ಜಾರದಂಥ ಪಟ್ಟಿ, ಕಣ್ಣಿಗೆ ಕಾಣುವ ಬಿಳಿಯ ಬಣ್ಣ ಬೇಕು. ದೀಪದ ಸ್ವಿಚ್ಚು ಮೇಲೂ ಕೆಳಗೂ ಇರಬೇಕು. ಕರೆಂಟು ಹೋದಾಗಿನ ಟಾರ್ಚನ್ನು ಮರೆಯಬಾರದು. ಹೊಸಮನೆ ಕಟ್ಟಿಸುವವರು ಮೆಟ್ಟಿಲಿನ ಎತ್ತರವನ್ನು 6 ಅಂಗುಲಕ್ಕೆ ಇಳಿಸಿದರೆ ಮೊಣಕಾಲು ಹರಸೀತು. ಇಳಿಜಾರು ಮಾಡಿಸುವುದಾದರೆ 1 ಅಂಗುಲ ಏರಿಗೆ 12 ಅಂಗುಲ ಉದ್ದ ಬೇಕು: ಒಂದೂವರೆ ಅಡಿಯ ಜಗುಲಿಗೆ 18 ಅಡಿ ಸಾಕು, ಹತ್ತಡಿಯ ಮಹಡಿಗೆ 120 ಅಡಿ! ಆದ್ದರಿಂದ ಇಳಿಜಾರು ಜಗುಲಿಗೇ ಸರಿ.

ನಡೆಯಲಾರದವರನ್ನು ಕುರ್ಚಿಯಲ್ಲಿ ಇಳಿಸಬೇಕಾದರೆ ಇಬ್ಬರು ಬೇಕು. ಗಟ್ಟಿಯಾದ ಮರದ ಕುರ್ಚಿಯಾಗಲಿ, ಪ್ಲಾಸ್ಟಿಕ್ಕಿನದು ಬೇಡ. ಕುಳಿತವರ ಮುಖ ಕೆಳಗಿನ ಕಡೆಗೆ, ಕುರ್ಚಿ ಸ್ವಲ್ಪ ಹಿಂದಕ್ಕೆ ವಾಲಿರಲಿ. ಒಬ್ಬರು ಬೆನ್ನಿನ ಕಡೆ, ಇನ್ನೊಬ್ಬರು ಮುಂಗಾಲುಗಳ ಕಡೆ ಹಿಡಿಯಲಿ. ಅಮೆರಿಕದ ಪೆನ್ಸಿಲ್ವೇನಿಯದ ಕ್ರಿಸ್ಪೆನ್ ಎಂಬಾತ 1920ರ ದಶಕದಲ್ಲಿಯೇ ಮೆಟ್ಟಿಲಿನ ಬದಿಯ ಕಂಬಿಯ ಮೇಲೆ ಸಾಗುವ ಕುರ್ಚಿಯನ್ನು ರಚಿಸಿದ. ಈಗ ಅಂಥ ಯಂತ್ರಗಳು ನಮ್ಮ ದೇಶದಲ್ಲಿಯೂ ದೊರೆಯುತ್ತವೆ. ಬೆಲೆ ಮಾತ್ರ ಎಲ್ಲರ ಕೈಗೆಟುಕದು; ಕರೆಂಟು ಹೋದರೂ ಓಡುವಂತೆ ಬ್ಯಾಟರಿ ಇರುವುದನ್ನೇ ನೋಡಿ ಕೊಳ್ಳಬೇಕು.

ಇವೆಲ್ಲಕ್ಕಿಂತ ಅಗ್ಗದ ಉಪಾಯವೊಂದುಂಟು. ಕೆಳಗಿನ ಬಾಡಿಗೆಯ ಭಾಗದಲ್ಲಿ ಒಂದು ಕೋಣೆಯನ್ನು, ಬಚ್ಚಲು ಸಹಿತ, ಹಿರಿಯರಿಗಾಗಿ ಉಳಿಸಿಕೊಳ್ಳುವುದು. ತಿಂಗಳಿಗೆ ಕೆಲವು ಸಾವಿರ ರೂಪಾಯಿ ಕಡಮೆಯಾದೀತು. ಸೊಂಟದ ಮೂಳೆ ಮುರಿದ ಮೇಲೆ ಮೈಸೂರಿನ ಆಸ್ಪತ್ರೆಗೆ ತೆರುವ ಹಣದ ಮುಂದೆ ಆ ನಷ್ಟ ಏನೂ ಅಲ್ಲ. ಅಷ್ಟೇ ಅಲ್ಲ, ಸಂಜೆ ಜಗುಲಿಯಲ್ಲಿ ಕುಳಿತು ಬೀದಿಯವರೊಡನೆ ನಾಲ್ಕು ಮಾತನಾಡುವ ಸುಖ ಅಜ್ಜಿಗೆ ಮರಳಿ ದೊರೆಯುತ್ತದೆ. ಈ ಲೆಕ್ಕವನ್ನು ಯಾರಾದರೂ ಬೀಳುವ ಮೊದಲೇ, ಹಿರಿಯರನ್ನೂ ಕೂರಿಸಿಕೊಂಡು, ಮನೆಮಂದಿಯೆಲ್ಲ ಹಾಕುವುದು ಲೇಸು.