ಕೋಲಿನ ಎರಡು ತುದಿ
ಈ ವಾರ ಬೈಲಹೊಂಗಲದ ಪೇಟೆಯಲ್ಲಿ, ಔಷಧದ ಅಂಗಡಿಯೊಂದರ ಗೋಡೆಯ ಮೇಲೆ, ಲಕ್ಷ್ಮಿಯ ಪಟದ ಮಗ್ಗುಲಲ್ಲಿಯೇ, ದಿವಂಗತರಾದ ಊರ ಡಾಕ್ಟರೊಬ್ಬರ ಭಾವಚಿತ್ರಕ್ಕೆ ಹೊಸ ಮಾಲೆ ಹಾಕಿದ್ದುದನ್ನು ಕಂಡು, ಕಿತ್ತೂರ ಚೆನ್ನಮ್ಮನ ಸಮಾಧಿಯಿರುವ ಈ ಊರಿನಲ್ಲಿ ಖಡ್ಗ ಹಿಡಿದವರಿಗೆ ಸಲ್ಲುವ ಸ್ಮರಣೆಯ ಒಂದಂಶವಾದರೂ ಸೂಜಿ ಹಿಡಿದವರಿಗೆ ಸಲ್ಲುತ್ತಿದೆಯೆಂದು ಸಮಾಧಾನಪಟ್ಟೆನು. ಆಗ ನೆನಪಾದವರು 1916ರಲ್ಲಿ ಬೀಳಗಿಯಲ್ಲಿ ಜನಿಸಿದ ನೇತ್ರವೈದ್ಯ ಡಾ. ಎಂ. ಸಿ. ಮೋದಿಯವರು. ಭಾರತ ಹುಣ್ಣಿಮೆ ಬಂದಿತೆಂದರೆ ಜನರು ಚಕ್ಕಡಿ ಕಟ್ಟಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವರು. ಮೋದಿಯವರಾದರೋ ಆ ಕ್ರಮವನ್ನೇ ತಿರುವುಮುರುವಾಗಿಸಿ, 1943ರಿಂದ ಮೊದಲ್ಗೊಂಡು, ಕಣ್ಣಿನ ಚಿಕಿತ್ಸೆಯ ಶಿಬಿರಗಳ ರೂಪದಲ್ಲಿ ಜಾತ್ರೆಯನ್ನೇ ಹಳ್ಳಿಗಳ ಬಾಗಿಲಿಗೆ ಒಯ್ದರು. ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಚಿಕಿತ್ಸೆ, 1993ರ ಫೆಬ್ರುವರಿಯವರೆಗೆ ಒಟ್ಟು 6,10,564 ಎಂದು ಗಿನ್ನೆಸ್ ದಾಖಲೆಯ ಪುಸ್ತಕವು ಲೆಕ್ಕವಿಟ್ಟಿತು, 1968ರಲ್ಲಿ ಪದ್ಮಭೂಷಣವೂ ಬಂದಿತು. ನನ್ನ ಮಟ್ಟಿಗೆ ಆ ಲೆಕ್ಕವು ಅರ್ಧದಷ್ಟೇ ಸರಿ, ಏಕೆಂದರೆ ದೃಷ್ಟಿಗೆಟ್ಟ ಅಜ್ಜನು ಹಿಡಿದ ಕೋಲಿನ ಇನ್ನೊಂದು ತುದಿಯಲ್ಲಿ, ಶಾಲೆ ಬಿಟ್ಟು ದಾರಿ ತೋರುವ ಮೊಮ್ಮಗಳೊಬ್ಬಳಿರುತ್ತಾಳೆ, ಪೊರೆ ತೆಗೆದ ದಿನ ಬಿಡುಗಡೆ ಹೊಂದುವವರು ಇಬ್ಬರು. ಆದರೆ ಶಿಬಿರದ ಮೋಟಾರು ಮುಂದಿನ ಊರಿಗೆ ಹೊರಟ ಮೇಲೆ, ರಾಮದುರ್ಗದ ಕಡೆಯ ಹಳ್ಳಿಯವನೊಬ್ಬನ ಕಣ್ಣು ಕೆಂಪಗಾಗಿ ನೋವೆದ್ದರೆ, ನಡುರಾತ್ರಿಯಲ್ಲಿ ಬಾಗಿಲು ತೆರೆದು ಕಂದೀಲು ಹಿಡಿಯಬೇಕಾದವರು, ಪಟದೊಳಗಿನವರಂತಹ, ಯಾವ ದಾಖಲೆಯೂ ಇಲ್ಲದ ಊರ ಡಾಕ್ಟರೇ. ಅವರೊಡನೆಯೇ ಎದ್ದು ಒಲೆ ಹೊತ್ತಿಸಿ ನೀರು ಕಾಸುತ್ತಿದ್ದ ಮನೆಯಾಕೆಗೆ ಪದಕ ಕೊಡುವ ಸರಕಾರವಂತೂ ಇನ್ನೂ ಹುಟ್ಟಿಲ್ಲ.