ಮದುವೆಯ ಭಾವಚಿತ್ರದ ಬಣ್ಣಕ್ಕೆ ಹೊಣೆ ಯಾರು?

ಮದುವೆಯ ಋತು ಆರಂಭವಾಯಿತೆಂದರೆ ನಮ್ಮ ಊರುಗಳ ಮಾರುಕಟ್ಟೆಗೆ ಹೊಸ ಚೈತನ್ಯ ಬರುತ್ತದೆ. ಜವಳಿ, ಚಿನ್ನಾಭರಣ, ಪಾತ್ರೆ, ಶಾಮಿಯಾನ, ಹೂವು, ಅಡುಗೆ, ಆಮಂತ್ರಣ ಪತ್ರಿಕೆಯ ಮುದ್ರಣ, ಹೀಗೆ ಹತ್ತಾರು ವೃತ್ತಿಗಳು ಒಂದೇ ಸಮಾರಂಭವನ್ನು ಆಶ್ರಯಿಸಿವೆ. ಇವುಗಳಲ್ಲಿ ಹೆಚ್ಚಿನವುಗಳ ಹೊಣೆ ಮಂಟಪದ ಚಪ್ಪರ ಬಿಚ್ಚುವುದರೊಂದಿಗೆ ತೀರುತ್ತದೆ. ಛಾಯಾಗ್ರಾಹಕನ ಅರ್ಧದಷ್ಟು ಕೆಲಸ ಆರಂಭವಾಗುವುದೇ ಅನಂತರ. ಆ ಅರ್ಧ ಕೆಲಸಕ್ಕೆ ನಮ್ಮಲ್ಲಿ ಬೆಲೆಯೂ ಇಲ್ಲ, ನಿಯಮವೂ ಇಲ್ಲ ಎಂಬುದು ಈ ಲೇಖನದ ಕಾಳಜಿ.

ಚಿತ್ರವನ್ನು ತಿದ್ದುವುದು ಕಂಪ್ಯೂಟರಿನೊಂದಿಗೆ ಹುಟ್ಟಿದ ವಿದ್ಯೆಯಲ್ಲ. ಕಪ್ಪು ಬಿಳುಪಿನ ಕಾಲದಲ್ಲಿಯೂ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಮುಖದ ಕಲೆಗಳನ್ನು ಮರೆಸುತ್ತಿದ್ದರು. ಮುದ್ರಿತ ಚಿತ್ರಕ್ಕೆ ಕೈಯಿಂದ ಬಣ್ಣ ತುಂಬುವ ಕುಶಲಕರ್ಮಿಗಳೂ ಇದ್ದರು. ಆ ಶ್ರಮ ಗ್ರಾಹಕನ ಕಣ್ಣಿಗೆ ಕಾಣುತ್ತಿತ್ತು, ಅದಕ್ಕೆ ಪ್ರತ್ಯೇಕ ದರವೂ ಇತ್ತು. ೧೯೯೦ರಲ್ಲಿ ಫೋಟೋಶಾಪ್ ಬಂದು, ಮುಂದೆ ಡಿಜಿಟಲ್ ಕ್ಯಾಮೆರಾಗಳು ಫಿಲಂ ಸುರುಳಿಯ ಸ್ಥಾನವನ್ನು ಆಕ್ರಮಿಸಿದ ಮೇಲೆ ಈ ಶ್ರಮ ತೆರೆಯ ಹಿಂದೆ ಸರಿಯಿತು. ಗುಂಡಿ ಒತ್ತಿದರೆ ಎಲ್ಲವೂ ಆಗುತ್ತದೆ ಎಂಬ ಭಾವನೆ ಬೆಳೆಯಿತು. ಸ್ಟುಡಿಯೋಗಳೂ ಪರಸ್ಪರ ಪೈಪೋಟಿಯಲ್ಲಿ ‘ಎಡಿಟಿಂಗ್ ಉಚಿತ’ ಎಂದು ಫಲಕ ಬರೆಸಿದವು.

ಉಚಿತವೆಂಬುದರ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಒಂದು ಮದುವೆಯಿಂದ ಆಲ್ಬಮ್ಮಿಗೆ ೨೦೦ ಚಿತ್ರಗಳು ಆಯ್ಕೆಯಾದವೆಂದೂ ಒಂದೊಂದಕ್ಕೆ ಐದೇ ನಿಮಿಷ ಹಿಡಿಯಿತೆಂದೂ ಭಾವಿಸಿದರೆ ಸಾವಿರ ನಿಮಿಷಗಳು, ಅಂದರೆ ಸುಮಾರು ೧೭ ಗಂಟೆಗಳು ಬೇಕು. ಇದು ಒಬ್ಬ ನುರಿತ ಕೆಲಸಗಾರನ ಎರಡು ಪೂರ್ಣ ದಿನಗಳ ದುಡಿಮೆ. ಯಾವ ತಯಾರಕನೂ ಎರಡು ದಿನದ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ಸರಕಿನ ಬೆಲೆ ಕಟ್ಟುವುದಿಲ್ಲ. ಕಟ್ಟಿದರೆ ನಷ್ಟವನ್ನು ಬೇರೆಡೆ ತುಂಬಿಕೊಳ್ಳಬೇಕಾಗುತ್ತದೆ. ಇಲ್ಲಿ ಆಗುತ್ತಿರುವುದೂ ಅದೇ. ಎಲ್ಲ ಚಿತ್ರಗಳಿಗೂ ಒಂದೇ ಸಿದ್ಧ ವರ್ಣವಿನ್ಯಾಸವನ್ನು ಬಳಿದು ಕೈತೊಳೆದುಕೊಳ್ಳಲಾಗುತ್ತದೆ.

ಇದರ ಪೆಟ್ಟು ಛಾಯಾಗ್ರಾಹಕನಿಗಷ್ಟೇ ಬೀಳುವುದಿಲ್ಲ. ಕಲ್ಯಾಣ ಮಂಟಪದಲ್ಲಿ ಹಳದಿ ದೀಪ, ಬಣ್ಣದ ಎಲ್‌ಇಡಿ, ಬಾಗಿಲಿನಿಂದ ಬರುವ ಹಗಲು ಬೆಳಕು ಎಲ್ಲವೂ ಬೆರೆತಿರುತ್ತವೆ. ಹಳೆಯ ಬಲ್ಬಿನ ಬೆಳಕಿನ ವರ್ಣತಾಪ ಸುಮಾರು ೩,೦೦೦ ಕೆಲ್ವಿನ್ ಆದರೆ ಹಗಲಿನದು ಸುಮಾರು ೫,೫೦೦. ವೈಟ್ ಬ್ಯಾಲೆನ್ಸ್ ಸರಿಪಡಿಸದಿದ್ದರೆ ಬಿಳಿಯ ಪಂಚೆ ಹಳದಿಯಾಗುತ್ತದೆ, ಹಸಿರು ರೇಷ್ಮೆ ಬೂದಿಬಣ್ಣಕ್ಕೆ ತಿರುಗುತ್ತದೆ. ಬಣ್ಣವನ್ನು ಅತಿಯಾಗಿ ಏರಿಸಿದರೆ ಇಳಕಲ್ ಸೆರಗಿನ ಕೆಂಪು ಒಂದೇ ಮುದ್ದೆಯಾಗಿ, ನೇಯ್ಗೆಯ ವಿವರವೂ ಮಡಿಕೆಯ ನೆರಳೂ ಅಳಿಸಿಹೋಗುತ್ತವೆ. ಮೊಳಕಾಲ್ಮೂರು ಸೀರೆಯ ಜರಿ ಬಿಳಿಯ ಪಟ್ಟಿಯಂತೆ ಕಾಣುತ್ತದೆ. ಆ ಚಿತ್ರವನ್ನು ಕಂಡು ಅದೇ ಬಣ್ಣದ ಸೀರೆ ಬೇಕೆಂದು ಅಂಗಡಿಗೆ ಬರುವ ಗ್ರಾಹಕನಿಗೆ ಜವಳಿ ವರ್ತಕರು ಏನನ್ನು ತೋರಿಸಬೇಕು? ನೇಕಾರನು ಬಣ್ಣದ ಬಾನಿಯಲ್ಲಿ ಸಾಧಿಸಿದ್ದನ್ನು ಸ್ಟುಡಿಯೋದ ಒಂದು ಕ್ಷಣದ ಅಜಾಗರೂಕತೆ ಸುಳ್ಳಾಗಿಸಬಾರದು.

ಬಟ್ಟೆಯ ವಿಷಯದಲ್ಲಿ ಸಲ್ಲದ್ದು ಮೈಬಣ್ಣದ ವಿಷಯದಲ್ಲಿ ಮೊದಲೇ ಸಲ್ಲದು. ವಧುವಿನ ಕಪ್ಪು ಅಥವಾ ಎಣ್ಣೆಗೆಂಪು ಮೈಬಣ್ಣವನ್ನು ಕೇಳದೆಯೇ ಬಿಳುಪಾಗಿಸುವ ರೂಢಿ ಬೇರೂರಿದೆ. ಬೆಳಕಿನ ದೋಷವನ್ನು ನಿವಾರಿಸುವುದು ಬೇರೆ, ವ್ಯಕ್ತಿಯನ್ನೇ ಬದಲಾಯಿಸುವುದು ಬೇರೆ. ತನ್ನ ಮದುವೆಯ ಆಲ್ಬಮ್ಮಿನಲ್ಲಿ ತನ್ನದಲ್ಲದ ಮುಖವನ್ನು ಕಾಣುವ ಹೆಣ್ಣುಮಗಳಿಗೆ ನಾವು ಹೇಳುತ್ತಿರುವುದೇನು ಎಂಬುದನ್ನು ವೃತ್ತಿಬಾಂಧವರು ಯೋಚಿಸಬೇಕು.

ಚಿತ್ರದ ಅಂಚನ್ನು ಕತ್ತರಿಸುವ ಕ್ರಾಪಿಂಗ್ ಕೆಲಸಕ್ಕೂ ಇಷ್ಟೇ ವಿವೇಕ ಬೇಕು. ಕ್ಯಾಮೆರಾದ ಚೌಕಟ್ಟು ಸಾಮಾನ್ಯವಾಗಿ ೩:೨ ಪ್ರಮಾಣದ್ದು. ೮×೧೨ ಅಂಗುಲದ ಮುದ್ರಣಕ್ಕೆ ಅದು ಪೂರ್ಣವಾಗಿ ಒಗ್ಗುತ್ತದೆ. ೮×೧೦ಕ್ಕೆ ಇಳಿಸಿದರೆ ಎರಡು ಅಂಗುಲ ಹೋಗಲೇಬೇಕು. ೧೨×೩೬ ಅಂಗುಲದ ಆಲ್ಬಮ್ ಹಾಳೆಗೆ ಒಂದೇ ಚಿತ್ರವನ್ನು ಹರಡಿದರೆ ಮೇಲೆ ಕೆಳಗೆ ಸೇರಿ ಅರ್ಧ ಭಾಗವೇ ಹೋಗುತ್ತದೆ. ೬೦೦೦×೪೦೦೦ ಬಿಂದುಗಳ ಚಿತ್ರವನ್ನು ಅಂಗುಲಕ್ಕೆ ೩೦೦ ಬಿಂದುಗಳಂತೆ ೨೦ ಅಂಗುಲ ಅಗಲದವರೆಗೆ ಮುದ್ರಿಸಬಹುದು. ಉದ್ದಗಲಗಳನ್ನು ಅರ್ಧಕ್ಕೆ ಕತ್ತರಿಸಿದರೆ ಉಳಿಯುವುದು ಹತ್ತೇ ಅಂಗುಲ. ಅದನ್ನು ಮತ್ತೆ ಹಿಗ್ಗಿಸಿದರೆ ಮುಖಗಳು ಮಸುಕಾಗುತ್ತವೆ. ಮೊಣಕೈ, ಮಣಿಕಟ್ಟುಗಳ ಸಂದಿನಲ್ಲಿ ಕತ್ತರಿಸಬಾರದು, ಹಾಳೆಯ ಮಡಿಕೆಯ ಮೇಲೆ ಮುಖ ಬರಬಾರದು ಎಂಬುವು ಎಲ್ಲರೂ ಬಲ್ಲ ಸೂತ್ರಗಳು. ಸೂತ್ರಗಳಿಗೆ ನಿಲುಕದ ಮಾತೊಂದಿದೆ. ಧಾರೆಯ ಚಿತ್ರದಲ್ಲಿ ವಧೂವರರನ್ನು ನಡುವಿಗೆ ತರಲು ಅಂಚಿನಲ್ಲಿ ಕುಳಿತ ಅಜ್ಜಿಯನ್ನು ಕತ್ತರಿಸಿದರೆ ಸಂಯೋಜನೆ ಅಂದವಾದೀತು. ವರ್ಷದೊಳಗೆ ಆ ಅಜ್ಜಿ ತೀರಿಕೊಂಡರೆ ಮನೆಯವರು ಹುಡುಕಿಕೊಂಡು ಬರುವುದು ಆ ಅಂಚನ್ನೇ. ಮೂಲ ಕಡತವನ್ನು ಅಳಿಸಿದ ಸ್ಟುಡಿಯೋದವರ ಬಳಿ ಆಗ ಉತ್ತರವಿರುವುದಿಲ್ಲ.

ಕಾನೂನೂ ಇಲ್ಲಿ ಮೌನವಾಗಿಲ್ಲ. ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ೧೭ನೆಯ ಪ್ರಕರಣದಂತೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕಿಗೆ, ವ್ಯತಿರಿಕ್ತ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವರೇ ಮೊದಲ ಒಡೆಯರು. ಆದ್ದರಿಂದ ಗ್ರಾಹಕರ ಒಪ್ಪಿಗೆಯಿಲ್ಲದೆ ವಧುವಿನ ಚಿತ್ರವನ್ನು ಅಂಗಡಿಯ ಜಾಹೀರಾತಿಗೆ ಬಳಸುವ ಮುನ್ನ ಸ್ಟುಡಿಯೋದವರೂ, ಅವರಿಂದ ಚಿತ್ರ ಪಡೆಯುವ ಜವಳಿ ಮತ್ತು ಆಭರಣ ವರ್ತಕರೂ ಎರಡು ಬಾರಿ ಯೋಚಿಸುವುದು ಒಳಿತು.

ಈ ಹಿನ್ನೆಲೆಯಲ್ಲಿ ಸದಸ್ಯರ ಪರಿಶೀಲನೆಗೆ ನಾಲ್ಕು ಸಲಹೆಗಳನ್ನು ಮುಂದಿಡಬಯಸುತ್ತೇನೆ. ಮೊದಲನೆಯದಾಗಿ, ಚಿತ್ರೀಕರಣ, ಪರಿಷ್ಕರಣೆ ಮತ್ತು ಮುದ್ರಣಗಳ ದರಗಳನ್ನು ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ನಮೂದಿಸಬೇಕು. ಎರಡನೆಯದಾಗಿ, ಎಷ್ಟು ಚಿತ್ರಗಳನ್ನು ತಿದ್ದಲಾಗುವುದು, ಯಾವುದನ್ನು ಕೇಳದೆ ಮಾಡುವುದಿಲ್ಲ ಎಂಬುದನ್ನು ಒಂದು ಪುಟದ ಕರಾರಿನಲ್ಲಿ ಬರೆದುಕೊಳ್ಳಬೇಕು. ಮೂರನೆಯದಾಗಿ, ಮೂಲ ಕಡತಗಳನ್ನು ಎರಡು ಪ್ರತಿಗಳಲ್ಲಿ, ಕನಿಷ್ಠ ಒಂದು ವರ್ಷ ಕಾಪಾಡಬೇಕು. ನಾಲ್ಕನೆಯದಾಗಿ, ಮಾನಿಟರ್‌ನ ಬಣ್ಣವನ್ನು ಅಳೆದು ಸರಿಪಡಿಸುವ ಉಪಕರಣವೊಂದನ್ನು ಸಣ್ಣ ಸ್ಟುಡಿಯೋಗಳು ಒಟ್ಟುಗೂಡಿ ಕೊಂಡು, ಸರದಿಯ ಮೇಲೆ ಬಳಸಿಕೊಳ್ಳಬೇಕು. ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಕೊಳ್ಳಬೇಕಾದ ಯಂತ್ರ ಅದಲ್ಲ.

ಇದರಿಂದ ದರ ಏರಿ ಗ್ರಾಹಕರು ದೂರವಾಗುವರೆಂಬ ಆತಂಕ ಕೆಲವರಿಗಿರಬಹುದು. ಇಂದು ಪ್ರತಿಯೊಬ್ಬ ಅತಿಥಿಯ ಕೈಯಲ್ಲಿಯೂ ಕ್ಯಾಮೆರಾ ಇದೆ. ಅದರಲ್ಲಿ ತಾನಾಗಿಯೇ ಬಣ್ಣ ತಿದ್ದುವ ತಂತ್ರಾಂಶವೂ ಇದೆ. ಅಗ್ಗದ ಬೆಲೆಯಲ್ಲಿ ಅದರೊಡನೆ ಸ್ಪರ್ಧಿಸಿ ಗೆದ್ದವರಿಲ್ಲ. ತೂಕದ ಕಲ್ಲು ಸರಿಯಿರುವ ಅಂಗಡಿಗೆ ಗಿರಾಕಿ ದೂರದಿಂದಲೂ ಬರುತ್ತಾನೆ ಎಂಬುದು ವರ್ತಕರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಬಣ್ಣಕ್ಕೂ ಅಂತಹದೊಂದು ತೂಕದ ಕಲ್ಲನ್ನು ನಾವೇ ಇಟ್ಟುಕೊಳ್ಳುವ ಕಾಲ ಬಂದಿದೆ.